ಸೀರೆ ಉಟ್ಟ ದಿನವೇ ಏಕೆ ಈ ಅಳುಕು?

"ಚೂಡಿದಾರದಲ್ಲಿ ಆರಾಮಾಗಿ ಓಡಾಡ್ತೀನಿ. ಸೀರೆ ಉಟ್ಟ ದಿನ ಮಾತ್ರ ಬೋರ್ಡ್ ಮೇಲೆ ಬರೆಯೋಕೂ ಮುಜುಗರ, ನಾಲ್ಕು ಜನರ ಮುಂದೆ ನಿಂತು ಮಾತಾಡೋಕೂ ಮುಜುಗರ. ನನಗೆ ಸೀರೆ ಒಪ್ಪೋದೇ ಇಲ್ವಾ?" ಶಿಕ್ಷಕಿಯರು, ಬ್ಯಾಂಕು ಕಚೇರಿಗಳಲ್ಲಿ ದುಡಿಯುವವರು ನನ್ನನ್ನು ಹೆಚ್ಚಾಗಿ ಕೇಳುವುದು ಇದನ್ನೇ. ಒಪ್ಪುತ್ತದೆ. ಮೈಕಟ್ಟನ್ನು ದೂರುವ ಮೊದಲು ರವಿಕೆಯ ಕಂಕುಳನ್ನೂ ಲಂಗದ ಲಾಡಿಯನ್ನೂ ಒಮ್ಮೆ ನೋಡಿ.

ಒಳ್ಳೆಯ ಬಟ್ಟೆ ತೊಟ್ಟರೆ ಧೈರ್ಯ ತಾನಾಗಿ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದಕ್ಕೆ ಆಧಾರವಾಗಿ ತೋರಿಸುವುದು 2012ರಲ್ಲಿ ಅಮೆರಿಕದಲ್ಲಿ ಆಡಂ ಮತ್ತು ಗಲಿನ್ಸ್ಕಿ ಎಂಬ ಸಂಶೋಧಕರು ಪ್ರಕಟಿಸಿದ ಪ್ರಯೋಗವನ್ನು: ಬಿಳಿ ಕೋಟು ತೊಟ್ಟವರ ಗಮನಶಕ್ತಿ ಹೆಚ್ಚಿತ್ತು ಎಂದು ಅದು ಹೇಳಿತು. 2019ರಲ್ಲಿ ಬೇರೆ ತಂಡ ಅದರ ಮೊದಲ ಪ್ರಯೋಗವನ್ನು ಹಾಗೇ ಮರಳಿ ಮಾಡಿದಾಗ ಆ ಫಲ ಸಿಗಲಿಲ್ಲ. ನನಗೆ ಹೆಚ್ಚು ನಿಜವೆನಿಸುವುದು 1998ರಲ್ಲಿ ಮನೋವಿಜ್ಞಾನಿ ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ಸಂಗಡಿಗರು ಪ್ರಕಟಿಸಿದ ಇನ್ನೊಂದು ಅಧ್ಯಯನ. ಅದರಲ್ಲಿ ವಿದ್ಯಾರ್ಥಿಗಳು ಈಜುಡುಗೆಯನ್ನೋ ಸ್ವೆಟರನ್ನೋ ತೊಟ್ಟು, ಒಬ್ಬರೇ ಕೋಣೆಯಲ್ಲಿದ್ದು ಗಣಿತದ ಲೆಕ್ಕ ಬಿಡಿಸಿದರು. ಈಜುಡುಗೆ ತೊಟ್ಟ ಹೆಣ್ಣುಮಕ್ಕಳ ಅಂಕ ಕುಸಿಯಿತು, ಗಂಡುಮಕ್ಕಳದು ಕುಸಿಯಲಿಲ್ಲ. ನೋಡುವವರು ಯಾರೂ ಇರಲಿಲ್ಲ. ಆದರೂ ಮನಸ್ಸಿನ ಒಂದು ಪಾಲು ಮೈಯನ್ನು ಕಾಯುವುದರಲ್ಲೇ ಖರ್ಚಾಗಿತ್ತು. ಮೇಲೇರುವ ರವಿಕೆ, ಜಾರುವ ಭುಜ, ಬಾಯಿ ಬಿಡುವ ಹುಕ್ಕುಪಟ್ಟಿ ದಿನವಿಡೀ ಮಾಡುವುದೂ ಇದನ್ನೇ. ಹೀಗಾಗಿ ಬಟ್ಟೆ ಚೆನ್ನಾಗಿದೆಯೇ ಎಂಬುದಕ್ಕೆ ನನ್ನ ಅಳತೆಗೋಲು ಇಷ್ಟೇ: ತೊಟ್ಟ ಹತ್ತು ನಿಮಿಷಕ್ಕೆ ಅದು ಮರೆತುಹೋಗಬೇಕು.

ಈಗ ಕಂಕುಳಿಗೆ ಬರೋಣ. ಕೈ ಎತ್ತಿದಾಗ ರವಿಕೆ ಮೇಲೇರಿ ಕೆಳಪಟ್ಟಿ ಎದೆಯ ಮೇಲೆ ಬಂದು ಕೂತರೆ, ಹೆಚ್ಚಿನವರು ಟೈಲರಿಗೆ "ಕಂಕುಳು ಬಿಗಿ, ಸ್ವಲ್ಪ ಇಳಿಸಿ" ಎನ್ನುತ್ತಾರೆ. ಇಳಿಸಿದಷ್ಟೂ ತೊಂದರೆ ಹೆಚ್ಚುತ್ತದೆ. ಆರ್ಮ್‌ಹೋಲ್, ಅಂದರೆ ತೋಳು ಕೂಡಿಸುವ ಸುತ್ತು, ಕೆಳಗಿದ್ದರೆ ಕೈ ಎತ್ತಿದಾಗ ತೋಳಿನ ಬಟ್ಟೆ ಪಕ್ಕದ ಬಟ್ಟೆಯನ್ನೇ ಹಿಡಿದು ಎಳೆಯುತ್ತದೆ. ಹೊಲಿಗೆ ಕಂಕುಳಿಗೆ ಹತ್ತಿರವಿದ್ದರೆ ತೋಳು ಭುಜದ ಕೀಲಿನ ಜೊತೆಗೇ ತಿರುಗುತ್ತದೆ, ಮೈಭಾಗ ಇದ್ದಲ್ಲೇ ಇರುತ್ತದೆ. ಕಂಕುಳ ಮಡಿಕೆಯಿಂದ ಅರ್ಧದಿಂದ ಒಂದು ಇಂಚು ಕೆಳಗೆ ಸಾಕು. ಬಿಗಿ ಎನಿಸುತ್ತಿದ್ದರೆ ಸಡಿಲಿಸಬೇಕಾದದ್ದು ತೋಳಿನ ಸುತ್ತಳತೆಯನ್ನು. ರಟ್ಟೆಯ ದಪ್ಪ ಭಾಗದಲ್ಲಿ ಅಳೆದು ಅದಕ್ಕೆ ಒಂದು ಇಂಚಾದರೂ ಸೇರಿಸಬೇಕು. ತೋಳಿನ ಮೇಲ್ತುದಿಯ ಬಾಗು, ಅಂದರೆ ಸ್ಲೀವ್ ಕ್ಯಾಪ್, ಎತ್ತರವಾಗಿದ್ದರೆ ಕೈ ಇಳಿಬಿಟ್ಟಾಗ ಒಂದೂ ಮಡಿಕೆ ಕಾಣುವುದಿಲ್ಲ, ಕೈ ಎತ್ತಲು ಮಾತ್ರ ಕಷ್ಟ. ತಗ್ಗಾಗಿದ್ದರೆ ಕಂಕುಳ ಬಳಿ ಒಂದೆರಡು ಸಣ್ಣ ಮಡಿಕೆ ಬೀಳುತ್ತವೆ, ಕೈ ಸಲೀಸಾಗಿ ಏಳುತ್ತದೆ. ಬೋರ್ಡಿನ ಮೇಲೆ ಬರೆಯುವವರು, ಬಸ್ಸಿನ ಕಂಬಿ ಹಿಡಿದು ನಿಲ್ಲುವವರು ಎರಡನೆಯದನ್ನೇ ಕೇಳಿ ಹೊಲಿಸಿಕೊಳ್ಳಿ. ಆ ಮಡಿಕೆಗಳನ್ನು ತಪ್ಪು ಹೊಲಿಗೆ ಎಂದು ಭಾವಿಸಬೇಡಿ.

ಎದೆಯ ಸುತ್ತಳತೆಯನ್ನು ಪೂರ್ತಿ ಉಸಿರೆಳೆದುಕೊಂಡು ಅಳೆಸಿ, ಒಂದರಿಂದ ಒಂದೂವರೆ ಇಂಚು ಸಡಿಲ ಇಡಿಸಿ. ಸೀರೆಯ ಜೊತೆ ಯಾವ ಬ್ರಾ ತೊಡುತ್ತೀರೋ ಅದನ್ನೇ ತೊಟ್ಟು ಅಳತೆ ಕೊಡಿ. ಎದೆಯ ಆಕಾರಕ್ಕೆ ಹೊಲಿಯುವ ಮಡಿಕೆಯ, ಅಂದರೆ ಟಕ್ಸ್‌ನ, ತುದಿ ಎಲ್ಲಿ ನಿಲ್ಲಬೇಕು ಎಂಬುದು ಅದರ ಮೇಲೆಯೇ ನಿಂತಿದೆ. ತುದಿ ಮೇಲೆ ಕೆಳಗಾದರೆ ಸುತ್ತಳತೆ ಸರಿಯಿದ್ದರೂ ಹುಕ್ಕುಗಳ ನಡುವೆ ಬಟ್ಟೆ ಬಾಯಿ ಬಿಡುತ್ತದೆ. ಅಳತೆ ಬ್ಲೌಸ್ ಕೊಟ್ಟು ಬರುವ ಅಭ್ಯಾಸ ಬಿಡುವುದು ಒಳ್ಳೆಯದು, ಏಕೆಂದರೆ ಹಳೆಯದರ ತಪ್ಪೆಲ್ಲ ಹೊಸದಕ್ಕೂ ಇಳಿದು ಬರುತ್ತದೆ.

ಭುಜ ಜಾರುವುದಕ್ಕೆ ಕಾರಣ ಸಾಮಾನ್ಯವಾಗಿ ಮುಂದೆ ಹಿಂದೆ ಎರಡೂ ಕಡೆ ಕತ್ತು ಅಗಲವಾಗಿರುವುದು. ಬೆನ್ನು ಆಳ ಬೇಕೆಂದರೆ ಮುಂಗತ್ತನ್ನು ಮೇಲಿಡಿಸಿ, ಹಿಂದೆ ಕಟ್ಟುವ ದಾರ, ಅಂದರೆ ಡೋರಿ ಹಾಕಿಸಿ. ಭುಜದ ಮೇಲೆ ಬಟ್ಟೆಯ ಅಗಲ ಎರಡು ಇಂಚಾದರೂ ಉಳಿಯಲಿ.

ಹತ್ತಿ ಲೈನಿಂಗನ್ನು ಕತ್ತರಿಸುವ ಮೊದಲೇ ರಾತ್ರಿಯಿಡೀ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಸಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಲೈನಿಂಗ್ ಕುಗ್ಗಿ ಹೊರಬಟ್ಟೆ ಸುಕ್ಕುಗಟ್ಟುತ್ತದೆ. ಕೆಲಸದ ಒತ್ತಡದಲ್ಲಿ ಅಂಗಡಿಗಳು ಬಿಟ್ಟುಬಿಡುವ ಹೆಜ್ಜೆ ಇದು. ನೀವೇ ನೆನೆಸಿ ಒಣಗಿಸಿ ಕೊಟ್ಟರೆ ಚಿಂತೆಯಿಲ್ಲ. ಎರಡೂ ಪಕ್ಕದ ಹೊಲಿಗೆಯೊಳಗೆ ಒಂದೊಂದು ಇಂಚು ಮಾರ್ಜಿನ್ ಬಿಡಿಸಿ. ಗುಳೇದಗುಡ್ಡದ ಖಣ ಎಷ್ಟು ಚೆಂದವೋ ಅಷ್ಟೇ ಜಗ್ಗದ ಬಟ್ಟೆ, ಅದರ ಪನ್ನವೂ, ಅಂದರೆ ಅಗಲವೂ, ಚಿಕ್ಕದು. ಅದರಲ್ಲಿ ಮಾರ್ಜಿನ್ ಉಳಿಸಲು ಮೊದಲೇ ಹೇಳದಿದ್ದರೆ ಮೈ ಸ್ವಲ್ಪ ತುಂಬಿದಾಗ ರವಿಕೆ ಪೆಟ್ಟಿಗೆಯ ತಳ ಸೇರುತ್ತದೆ.

ಇನ್ನು ಲಾಡಿ. ಸೀರೆಯ ಭಾರವೆಲ್ಲ ಸೊಂಟದ ಮೇಲಿನ ಒಂದು ತೆಳು ದಾರದಲ್ಲಿ ನೇತಾಡುತ್ತದೆ. ಜಾರುವ ಭಯಕ್ಕೆ ಬಿಗಿದಷ್ಟೂ ಉಸಿರು ಮೇಲೆ ಮೇಲೆ ಆಡುತ್ತದೆ. ಆ ಉಸಿರಿನಲ್ಲಿ ಮಾತಾಡಲು ನಿಂತರೆ ದನಿ ನಡುಗುವುದು ಸಹಜ, ಅದನ್ನು ನಾವು ಹೆದರಿಕೆ ಎಂದುಕೊಳ್ಳುತ್ತೇವೆ. ಚರ್ಮಕ್ಕೂ ಇದು ಕೆಡುಕು. ಬಿಗಿತ, ತಿಕ್ಕಾಟ, ಬೆವರು ಸೇರಿ ಸೊಂಟದ ಸುತ್ತ ಕಪ್ಪು ಗೆರೆ, ತುರಿಕೆ, ಕೆಲವೊಮ್ಮೆ ಹುಣ್ಣಾಗುತ್ತದೆ. ಧೋತಿ ಕಟ್ಟುವ ಜಾಗದಲ್ಲಿ ಹುಟ್ಟುವ ಚರ್ಮದ ಕ್ಯಾನ್ಸರನ್ನು ಖಾನೋಲ್ಕರ್ ಮತ್ತು ಸೂರ್ಯಬಾಯಿ 1945ರಲ್ಲೇ ವರದಿ ಮಾಡಿದ್ದರು. ಸೀರೆಯ ಲಾಡಿಯಿಂದ ಆದ ಪ್ರಕರಣಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಅಪರೂಪ, ನಿಜ. ಆದರೂ ವಾರಗಟ್ಟಲೆ ಮಾಯದ ಹುಣ್ಣಿದ್ದರೆ ಮುಲಾಮು ಹಚ್ಚಿಕೊಂಡು ಕೂರದೆ ಚರ್ಮವೈದ್ಯರಿಗೆ ತೋರಿಸಿ.

ಪರಿಹಾರಕ್ಕೆ ಖರ್ಚು ಕಡಿಮೆ. ದಾರದ ಬದಲು ಒಂದೂವರೆಯಿಂದ ಎರಡು ಇಂಚು ಅಗಲದ ಬಟ್ಟೆಯ ಪಟ್ಟಿ ಹಾಕಿಸಿ, ಭಾರ ಹಂಚಿಹೋಗುತ್ತದೆ. ಕಟ್ಟಿದ ಮೇಲೆ ಎರಡು ಬೆರಳು ಒಳಗೆ ತೂರಬೇಕು. ಗಂಟನ್ನು ದಿನವೂ ಒಂದೇ ಜಾಗದಲ್ಲಿ ಹಾಕಬೇಡಿ, ಮನೆಗೆ ಬಂದೊಡನೆ ಸಡಿಲಿಸಿ. ಅಷ್ಟು ಸಡಿಲಕ್ಕೆ ಸೀರೆ ಜಾರಿದರೆ ಲಂಗದ ಬಟ್ಟೆ ಬದಲಿಸಿ: ಮೈಸೂರು ಸಿಲ್ಕಿನಂಥ ಕ್ರೇಪ್, ಸ್ಯಾಟಿನ್ ಲಂಗದ ಮೇಲೆ ಜಾರುತ್ತದೆ, ಹತ್ತಿ ಲಂಗದ ಮೇಲೆ ನಿಲ್ಲುತ್ತದೆ. ಅಂದು ಮೆಟ್ಟುವ ಚಪ್ಪಲಿ ಹಾಕಿಕೊಂಡೇ ಸೀರೆ ಸಿಕ್ಕಿಸಿ, ಆಗ ನೆರಿಗೆ ಕಾಲಿಗೆ ತೊಡರುವುದಿಲ್ಲ.

ರವಿಕೆ ಮನೆಗೆ ತರುವ ಮೊದಲು ಅಂಗಡಿಯಲ್ಲೇ ತೊಟ್ಟು ನೋಡಿ. ಎರಡೂ ಕೈ ಪೂರ್ತಿ ಮೇಲೆತ್ತಿ ಇಳಿಸಿ. ಕೆಳಪಟ್ಟಿ ತಾನಾಗಿ ತನ್ನ ಜಾಗಕ್ಕೆ ಮರಳಬೇಕು, ಬೆರಳಿನಿಂದ ಎಳೆಯುವಂತಿರಬಾರದು. ಎದೆಯ ಮುಂದೆ ಕೈ ಕಟ್ಟಿ, ಬೆನ್ನ ಹೊಲಿಗೆ ಚಿರ್ ಎನ್ನುತ್ತದೆಯೇ ಗಮನಿಸಿ. ಕುರ್ಚಿಯಲ್ಲಿ ಕೂತು, ಉದ್ದ ಉಸಿರೆಳೆದು, ಕೆಳಗೆ ಬಿದ್ದ ಪೆನ್ನು ಎತ್ತುವಂತೆ ಬಾಗಿ. ಪಕ್ಕ, ಉದ್ದ, ಹುಕ್ಕು, ತೋಳಿನ ಸಡಿಲ ಇವನ್ನೆಲ್ಲ ಆಮೇಲೂ ತಿದ್ದಬಹುದು. ಆಳಕ್ಕೆ ಕತ್ತರಿಸಿಹೋದ ಕಂಕುಳನ್ನು ತಿದ್ದಲು ಉಳಿದಿರುವ ದಾರಿ ಒಂದೇ, ಅದೇ ಬಟ್ಟೆಯ ಚೌಕದ ತುಂಡೊಂದನ್ನು ಅಲ್ಲಿ ಕೂಡಿಸುವುದು. ಅದಕ್ಕಾಗಿ ಕತ್ತರಿಸಿ ಉಳಿದ ಚೂರುಗಳನ್ನು ಟೈಲರಿಂದ ಕೇಳಿ ಇಸಿದುಕೊಳ್ಳಿ.