ಎಷ್ಟ್ ಮಂದೀನ್ನ ಹೊಡದ್ರು?

ಮೊನ್ನೆ ಭಾನುವಾರ ಕಾರವಾರದ ಬೀಚಿನಲ್ಲಿ, ಮೇಜರ್ ರಾಮ ರಾಘೋಬ ರಾಣೆ ಅವರ ಪ್ರತಿಮೆ ಎದುರು ಒಬ್ಬ ಹುಡುಗ ನನ್ನ ಚಿಕ್ಕಪ್ಪನನ್ನು ಕೇಳಿದ, "ಅಜ್ಜಾರ, ಇವ್ರು ಎಷ್ಟ್ ಮಂದೀನ್ನ ಹೊಡದ್ರು?" ಹುಡುಗನ ಮನೆಯವರು ಹುಬ್ಬಳ್ಳಿ ಕಡೆಯವರು. ಅಲ್ಲೇ ಇರುವ ಚಾಪೆಲ್ ಯುದ್ಧನೌಕೆ ಮ್ಯೂಸಿಯಂ ನೋಡಿ ಬಂದಿದ್ದರು.

"ಹೊಡೆದದ್ದಕ್ಕಲ್ಲ ತಮಾ. ದಾರಿ ಮಾಡಿಕೊಟ್ಟಿದ್ದಕ್ಕೆ ಪರಮವೀರ ಚಕ್ರ ಸಿಕ್ಕಿದ್ದು" ಎಂದರು ಚಿಕ್ಕಪ್ಪ.

ಹುಡುಗನ ಅಪ್ಪ ನಕ್ಕರು. "ರಸ್ತಾ ಮಾಡಿದ್ದಕ್ಕ? ಅಷ್ಟ ಏನ್ರೀ?"

ಆ 'ಅಷ್ಟ ಏನ್ರೀ' ಇವತ್ತಿಗೂ ಕಿವಿಯಲ್ಲೇ ಇದೆ. ಆ ಮನುಷ್ಯ ಕೆಟ್ಟವರೇನಲ್ಲ, ಆದರೆ ಉತ್ತರ ಕೇಳುವ ಮೊದಲೇ ಮಗನ ಕೈ ಹಿಡಿದು ಹೊರಟರಲ್ಲ, ಅದು ನನಗೆ ಸಹಿಸಲಾಗಲಿಲ್ಲ. ಹುಡುಗ ಮಾತ್ರ ತಿರುಗಿ ತಿರುಗಿ ನೋಡುತ್ತಿದ್ದ.

ಐದು ನಿಮಿಷ ನಿಂತಿದ್ದರೆ ಚಿಕ್ಕಪ್ಪ ಹೇಳುತ್ತಿದ್ದರು. 1948ರ ಏಪ್ರಿಲ್, ಪಾಕಿಸ್ತಾನದ ಜೊತೆ ಕಾಶ್ಮೀರದ ಯುದ್ಧ. ನೌಶೇರಾದಿಂದ ರಜೌರಿಗೆ ಟ್ಯಾಂಕುಗಳು ಹೋಗಬೇಕು. ದಾರಿ ತುಂಬ ಮೈನು (ಮಣ್ಣಲ್ಲಿ ಹುಗಿದ, ತುಳಿದರೆ ಸಿಡಿಯುವ ಬಾಂಬು), ಅಡ್ಡ ಕೆಡವಿದ ಪೈನ್ ಮರಗಳು, ಒಡೆದ ಮೋರಿಗಳು. ಎದುರು ಗುಡ್ಡದಿಂದ ಗುಂಡು. ನಮ್ಮ ಚೆಂಡಿಯಾದ ರಾಣೆ ಆಗ ಸೆಕೆಂಡ್ ಲೆಫ್ಟಿನೆಂಟ್, ಬಾಂಬೆ ಸ್ಯಾಪರ್ಸ್, ಅಂದರೆ ಸೇನೆಯ ಎಂಜಿನಿಯರ್ ಪಡೆ. 8ನೇ ತಾರೀಕು ಕೆಲಸ ಶುರು ಮಾಡುತ್ತಿದ್ದಂತೆ ಮಾರ್ಟರ್ ಗುಂಡು ಬಿದ್ದು ಅವರ ತಂಡದ ಇಬ್ಬರು ಸತ್ತರು, ಐವರಿಗೆ ಗಾಯ. ಆ ಐವರಲ್ಲಿ ರಾಣೆಯೂ ಒಬ್ಬರು. ಗಾಯದಲ್ಲೇ ಟ್ಯಾಂಕಿನ ಕೆಳಗೆ ತೆವಳಿಕೊಂಡು, ಹಗ್ಗ ಎಳೆದು ಚಾಲಕನಿಗೆ ನಿಲ್ಲು, ನಡೆ ಎಂದು ಸೂಚನೆ ಕೊಡುತ್ತಾ, ಟ್ಯಾಂಕ್ ಜೊತೆಗೇ ಮುಂದೆ ಹೋದರು. 11ರವರೆಗೂ ಸರಿಯಾದ ಊಟ ಇಲ್ಲ, ನಿದ್ದೆ ಇಲ್ಲ. 12ಕ್ಕೆ ರಜೌರಿ ನಮ್ಮ ಕೈಗೆ ಬಂತು. ಬದುಕಿದ್ದಾಗಲೇ ಪರಮವೀರ ಚಕ್ರ ಪಡೆದವರಲ್ಲಿ ಇವರೇ ಮೊದಲಿಗರು.

ಇಷ್ಟೂ ದಾರಿ ತೆರವು ಮಾಡುವ ಕೆಲಸ. ಅದಕ್ಕೇ ನಮ್ಮ ಮಕ್ಕಳಿಗೆ ಇದು ಯುದ್ಧ ಅನ್ನಿಸುವುದಿಲ್ಲವೇನೋ. ಶೌರ್ಯ ಅಂದರೆ ಎಷ್ಟು ಹೆಣ ಬಿತ್ತು ಅನ್ನುವ ಲೆಕ್ಕ ಅಂತ ಅವರಿಗೆ ಕಲಿಸಿದವರು ನಾವೇ ದೊಡ್ಡವರಲ್ವಾ?

ಚಿಕ್ಕಪ್ಪನೂ ಸ್ಯಾಪರ್ ಆಗಿದ್ದವರು. 2001ರ ಡಿಸೆಂಬರಿನಲ್ಲಿ ಸಂಸತ್ತಿನ ಮೇಲೆ ದಾಳಿ ಆದ ಮೇಲೆ ಗಡಿಯುದ್ದಕ್ಕೂ ಸೇನೆ ಹೋಗಿ ನಿಂತಿತಲ್ಲ, ಆಪರೇಷನ್ ಪರಾಕ್ರಮ್, ಆಗ ಹೊಲಗಳಲ್ಲಿ ಮೈನು ಹುಗಿದರು. ಮುಂದೆ ಒಂದೊಂದನ್ನೂ ತೆಗೆಯಬೇಕಾಯಿತು. ಚಿಕ್ಕಪ್ಪ ರಾಜಸ್ಥಾನದಲ್ಲಿದ್ದರು. ಬೋರಲು ಮಲಗಿ, ಉದ್ದನೆಯ ಕಡ್ಡಿಯನ್ನು ಮಣ್ಣಿಗೆ ಓರೆಯಾಗಿ ಚುಚ್ಚುತ್ತಾ ಹೋಗಬೇಕು. ನೇರ ಚುಚ್ಚಿದರೆ ಮೈನಿನ ತಲೆ ಮೇಲೇ ಒತ್ತಿದಂತೆ. ಮರಳು ಗಾಳಿಗೆ ಸರಿದುಬಿಡುತ್ತದೆ, ಹುಗಿದದ್ದು ಹುಗಿದ ಜಾಗದಲ್ಲೇ ಇರುತ್ತದೆ ಅಂತ ಹೇಳಲಾಗದು. ಇದನ್ನೆಲ್ಲ ಚಿಕ್ಕಪ್ಪ ಮೊನ್ನೆ ರಾತ್ರಿ ಊಟಕ್ಕೆ ಕುಂತಾಗ ಹೇಳಿದರು. ಇಷ್ಟು ವರ್ಷ ನಾವ್ಯಾರೂ ಕೇಳಿರಲಿಲ್ಲ.

ಆ ಅಪ್ಪನ ಮಾತಿಗೆ ಸಿಟ್ಟು ಬರಲಿಲ್ವಾ ಎಂದೆ. "ಸಿಟ್ಟು ಯಾಕೆ? ಹುಡುಗ ಕೇಳಿದ್ನಲ್ಲ, ಅದೇ ಜಾಸ್ತಿ ಆಯ್ತು" ಎಂದು ಸಾರು ಬಡಿಸಿಕೊಂಡರು. ಅವರು ಹಾಗೆಯೇ.

ಸಿಟ್ಟು ಬಂದದ್ದು ಚಿಕ್ಕಮ್ಮನಿಗೆ. "ಆ ವರ್ಷ ಯುದ್ಧವೇ ಆಗಲಿಲ್ಲ, ನಿನ್ನ ಗಂಡ ಸುಮ್ನೆ ಗಡೀಲಿ ಕೂತು ಬಂದ ಅಂತ ಊರವರೆಲ್ಲ ಹೇಳಿದ್ರು. ಇವರ ಜೊತೆಗಿದ್ದ ಹುಡುಗನ ಕಾಲು ಹೋಯ್ತು. ಅವನ ತಾಯಿಗೆ ಹೋಗಿ ಹೇಳ್ಲಿ, ಯುದ್ಧ ಆಗ್ಲಿಲ್ಲ ಅಂತ."