ಸೇತುವೆ ಮೇಲೆ ಎಷ್ಟು ಜನ ಅಂತ ಕೇಳಿದರೆ ಸಾಲದು

"ಇದು ಎಷ್ಟು ಜನರ ಭಾರ ತಡೆಯುತ್ತದೆ, ಹೇಳಿ." ಪಾದಚಾರಿ ಸೇತುವೆಗೋ ಸ್ಟೇಡಿಯಂ ಗ್ಯಾಲರಿಗೋ ಕಂಪನದ ಅಳತೆಗೆ ಹೋದಾಗ ಮೊದಲು ಕೇಳಿಬರುವ ಮಾತು ಇದೇ. ಭಾರದ ಚಿಂತೆ ಸಾಮಾನ್ಯವಾಗಿ ಡಿಸೈನ್‌ನಲ್ಲೇ ಮುಗಿದಿರುತ್ತದೆ. ಚದರ ಮೀಟರಿಗೆ 5 ಕಿಲೋನ್ಯೂಟನ್, ಅಂದರೆ ಸುಮಾರು 500 ಕಿಲೋ ಲೆಕ್ಕ ಹಿಡಿದಿರುತ್ತಾರೆ. ಅಷ್ಟು ಭಾರ ಬೀಳಬೇಕಾದರೆ ಜನ ಮೈಗೆ ಮೈ ತಾಗಿಸಿ ನಿಲ್ಲಬೇಕು. ನಾನು ತಿರುಗಿ ಕೇಳುವುದು ಬೇರೆ: ಅವರು ಅಲ್ಲಿ ಏನು ಮಾಡುತ್ತಾರೆ?

ಮಾಮೂಲಿ ನಡಿಗೆಯಲ್ಲಿ ಸೆಕೆಂಡಿಗೆ ಸುಮಾರು 2 ಹೆಜ್ಜೆ ಬೀಳುತ್ತದೆ. ಸೇತುವೆಯ ಸ್ವಂತ ಫ್ರೀಕ್ವೆನ್ಸಿಯೂ, ಅಂದರೆ ತಟ್ಟಿಬಿಟ್ಟರೆ ಅದು ತಾನಾಗಿ ಆಡುವ ಲಯವೂ, 2 ಹರ್ಟ್ಜ್ (ಸೆಕೆಂಡಿಗೆ 2 ಸಲ) ಹತ್ತಿರ ಇದ್ದರೆ ಸಣ್ಣ ಏಟೇ ಸಾಕು, ಕುಲುಕಾಟ ಬೆಳೆಯುತ್ತಾ ಹೋಗುತ್ತದೆ. ನೂರು ಜನ ತಮ್ಮ ಪಾಡಿಗೆ ತಾವು ನಡೆದರೆ ಒಬ್ಬರ ಏಟನ್ನು ಇನ್ನೊಬ್ಬರ ಏಟು ಕಡಿಮೆ ಮಾಡುತ್ತದೆ. ಒಟ್ಟು ಪರಿಣಾಮ ಹೆಚ್ಚುಕಡಿಮೆ ಹತ್ತು ಜನ ತಾಳ ಹಿಡಿದು ನಡೆದಷ್ಟೇ. ಅದೇ ನೂರು ಜನ ಒಂದೇ ಹಾಡಿಗೆ ಕುಣಿದರೆ? ಆಗ ಈ ರಿಯಾಯಿತಿ ಇಲ್ಲ.

ಪಕ್ಕಕ್ಕೆ ತೂಗುವುದು ಇನ್ನೂ ತರಲೆ. ಎಡಗಾಲು ಒಂದು ಕಡೆ, ಬಲಗಾಲು ಇನ್ನೊಂದು ಕಡೆ ತಳ್ಳುವುದರಿಂದ ಆ ಬಲದ ಲಯ ಅರ್ಧ, ಸುಮಾರು 1 ಹರ್ಟ್ಜ್. ಬಲವೂ ಚಿಕ್ಕದೇ. ಆದರೆ ನೆಲ ಪಕ್ಕಕ್ಕೆ ಸರಿದಾಗ ಮನುಷ್ಯ ಬೀಳದ ಹಾಗೆ ಕಾಲು ಅಗಲಿಸುತ್ತಾನೆ, ಆ ಹೆಜ್ಜೆ ಸೇತುವೆಯನ್ನು ಇನ್ನಷ್ಟು ತಳ್ಳುತ್ತದೆ. ಲಂಡನ್ನಿನ ಮಿಲೇನಿಯಂ ಸೇತುವೆ 2000ರ ಜೂನ್ 10ರಂದು ತೆರೆದು ಎರಡೇ ದಿನಕ್ಕೆ ಮುಚ್ಚಿದ್ದು ಇದಕ್ಕೇ. ಆಮೇಲೆ ಅದರ ಮೇಲೇ ಜನರನ್ನು ನಡೆಸಿ ನೋಡಿದರು. 156 ಜನರ ತನಕ ಅಂಥದ್ದೇನೂ ಇಲ್ಲ, ಇನ್ನೊಂದು ಹತ್ತು ಜನ ಸೇರಿದ್ದೇ ತೂಗಾಟ ಜೋರಾಯಿತು. ಕಂಪನ ಹೀರುವ ಡ್ಯಾಂಪರ್‌ಗಳನ್ನು ಹಾಕಿ 2002ರಲ್ಲಿ ಮತ್ತೆ ತೆರೆದರು. ಅರ್ಧ ಜನರಿಗೆ ಅರ್ಧ ಕಂಪನ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಅಳತೆಗೆ ಬರೋಣ. ಕಂಪನ ಅಳೆಯುವ ಸೆನ್ಸರ್ ಆದ ಆಕ್ಸೆಲೆರೋಮೀಟರನ್ನು ರೇಲಿಂಗಿಗೆ ಕಟ್ಟುವುದು ಸುಲಭ. ಆದರೆ ಆಗ ಸಿಗುವುದು ರೇಲಿಂಗಿನ ಅದುರು, ಸೇತುವೆಯದ್ದಲ್ಲ. ಡೆಕ್ಕಿಗೇ, ಅಂದರೆ ಜನ ನಡೆಯುವ ನೆಲಕ್ಕೇ, ಗಟ್ಟಿಯಾಗಿ ಕೂರಿಸಬೇಕು. ಸ್ಪ್ಯಾನಿನ (ಎರಡು ಆಧಾರಗಳ ನಡುವಿನ ಭಾಗದ) ನಡುವೆ ಒಂದೇ ಸೆನ್ಸರ್ ಇಟ್ಟರೂ ಸಾಲದು. ಸೇತುವೆ ಅಲ್ಲಾಡುವ ಒಂದೊಂದು ಬಗೆಗೂ ಮೋಡ್ ಅನ್ನುತ್ತೇವೆ. ಎರಡನೇ ಮೋಡ್‌ನಲ್ಲಿ ಎರಡು ಅರ್ಧಗಳು ಒಂದು ಮೇಲೆ ಒಂದು ಕೆಳಗೆ ಆಡುತ್ತವೆ, ನಡುಮಧ್ಯ ಅಲ್ಲಾಡುವುದೇ ಇಲ್ಲ. ಸ್ಪ್ಯಾನಿನ ಕಾಲು ಭಾಗದ ದೂರದಲ್ಲೂ ಒಂದು ಇಡಿ.

ಮೊದಲು ಖಾಲಿ ಸೇತುವೆ. ಒಬ್ಬರು ತುದಿಗಾಲಲ್ಲಿ ನಿಂತು ಹಿಮ್ಮಡಿ ಧಡ್ ಅಂತ ಬಿಡುತ್ತಾರೆ, ಕಂಪನ ಹೇಗೆ ಇಳಿಯುತ್ತದೆ ಅಂತ ನೋಡುತ್ತೇವೆ. ಹತ್ತು ಸಲ ಮೇಲೆ ಕೆಳಗೆ ಆಡುವಷ್ಟರಲ್ಲಿ ಅರ್ಧಕ್ಕೆ ಇಳಿದರೆ ಡ್ಯಾಂಪಿಂಗ್, ಅಂದರೆ ಕಂಪನವನ್ನು ತಗ್ಗಿಸುವ ಗುಣ, ಸುಮಾರು 1.1 ಶೇಕಡಾ. ಪೇಪರ್ ಮೇಲೇ ಹಾಕಬಹುದಾದ ಲೆಕ್ಕ.

ಇಲ್ಲಿಗೇ ಗಂಟುಮೂಟೆ ಕಟ್ಟಬಾರದು, ಆದರೆ ತುಂಬಾ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಗ್ಯಾಲರಿಯಲ್ಲಿ ಜನ ಸುಮ್ನೆ ಕೂತರೂ ಅವರ ಮೈ ಕಂಪನವನ್ನು ಹೀರಿಕೊಳ್ಳುತ್ತದೆ, ಡ್ಯಾಂಪಿಂಗ್ ಜಾಸ್ತಿಯಾಗುತ್ತದೆ. ಫ್ರೀಕ್ವೆನ್ಸಿಯೂ ಸಾಮಾನ್ಯವಾಗಿ ಜರುಗುತ್ತದೆ. ಅಂದರೆ ಅದೇ ಜನ ಕೂತರೆ ಬ್ರೇಕು, ಎದ್ದು ಕುಣಿದರೆ ಎಂಜಿನ್ನು. ಹಾಗಾಗಿ ತುಂಬಿದಾಗಲೂ ಅಳೆಯಬೇಕು, ಕೂತಾಗ ಒಂದು ಸಲ, ಕುಣಿಯುವಾಗ ಇನ್ನೊಂದು ಸಲ.

ಜನರ ಅಳತೆಯೂ ಬೇಕು, ಅಲ್ವಾ? ಅದಕ್ಕೇ ನಾನು ಕ್ಯಾಮೆರಾ ಇಲ್ಲದೆ ಹೋಗುವುದಿಲ್ಲ. ಯಾವ ಕ್ಷಣದಲ್ಲಿ ಎಷ್ಟು ಜನ, ಎಲ್ಲಿ, ಯಾವ ಲಯದಲ್ಲಿ ಅಂತ ಗೊತ್ತಿಲ್ಲದಿದ್ದರೆ ಗ್ರಾಫಿನ ಏರಿಳಿತಕ್ಕೆ ಕಾರಣ ಹೇಳಲಾಗದು. ಕ್ಯಾಮೆರಾ, ಸೆನ್ಸರ್ ಎರಡರ ಗಡಿಯಾರವೂ ಹೊಂದಬೇಕು. ನಮ್ಮ ಉಪಾಯ ಸರಳ: ರೆಕಾರ್ಡಿಂಗ್ ಶುರುವಾದ ಕೂಡಲೇ ಕ್ಯಾಮೆರಾಗೆ ಕಾಣುವ ಹಾಗೆ ಸೆನ್ಸರ್ ಪಕ್ಕದ ಡೆಕ್ಕಿಗೆ ಸುತ್ತಿಗೆಯಿಂದ ಒಂದು ಏಟು, ಮುಗಿಸುವ ಮುಂಚೆ ಇನ್ನೊಂದು. ನಡುವೆ ಗಡಿಯಾರ ಜಾರಿದ್ದರೆ ಎರಡನೇ ಏಟಿನಲ್ಲಿ ಸಿಕ್ಕಿಬೀಳುತ್ತದೆ.