1ರ ಮುಂದೆ 40,000 ಸೊನ್ನೆಗಳು

ಜೀವ ಕೇವಲ ರಾಸಾಯನಿಕ ಕ್ರಿಯೆಗಳಿಂದ ಹುಟ್ಟಿರಲಾರದು ಎಂದು ವಾದಿಸುವವರು ಹೆಚ್ಚಾಗಿ ಎತ್ತಿ ಹೇಳುವುದು ಖಗೋಳ ವಿಜ್ಞಾನಿಗಳಾದ ಫ್ರೆಡ್ ಹಾಯ್ಲ್ ಮತ್ತು ಚಂದ್ರ ವಿಕ್ರಮಸಿಂಘೆ 1980ರ ದಶಕದ ಆರಂಭದಲ್ಲಿ ಮಂಡಿಸಿದ ಲೆಕ್ಕವನ್ನು. ಅವರ ಪ್ರಕಾರ ಜೀವಕ್ಕೆ ಸುಮಾರು 2,000 ಕಿಣ್ವಗಳು (ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ಪ್ರೋಟೀನ್‌ಗಳು) ಬೇಕು. ಅವುಗಳಲ್ಲಿ ಒಂದೊಂದೂ ಆಕಸ್ಮಿಕವಾಗಿ ಒದಗಿಬರುವ ಸಂಭವನೀಯತೆ 10ರ 20ನೇ ಘಾತದಲ್ಲಿ ಒಂದು. ಆದ್ದರಿಂದ ಎಲ್ಲವೂ ಕೂಡಿಬರುವ ಸಂಭವನೀಯತೆ 10ರ 40,000ನೇ ಘಾತದಲ್ಲಿ ಒಂದು. (ಜೀವದ ಬೀಜಗಳು ಬಾಹ್ಯಾಕಾಶದಿಂದ ಬಂದವು ಎಂಬುದು ಈ ಇಬ್ಬರ ವಾದವಾಗಿತ್ತು ಎಂಬುದನ್ನು ಮಾತ್ರ ಈ ಸಂಖ್ಯೆಯನ್ನು ಉದ್ಧರಿಸುವವರಲ್ಲಿ ಬಹಳ ಮಂದಿ ಹೇಳುವುದಿಲ್ಲ.)

ಗುಣಾಕಾರದಲ್ಲಿ ತಪ್ಪಿಲ್ಲ. ನನ್ನ ತಕರಾರು ಇರುವುದು ಗುಣಿಸುವ ಮೊದಲೇ ಸದ್ದಿಲ್ಲದೆ ಒಪ್ಪಿಕೊಂಡಿರುವ ಸಂಗತಿಗಳ ಬಗ್ಗೆ. ಸಂಭವನೀಯತೆಗಳನ್ನು ಹೀಗೆ ಗುಣಿಸಬೇಕಾದರೆ ಘಟನೆಗಳು ಒಂದಕ್ಕೊಂದು ಸಂಬಂಧವಿಲ್ಲದವಾಗಿರಬೇಕು; ಆದರೆ ತನ್ನ ನಕಲನ್ನು ತಾನೇ ಮಾಡಿಕೊಳ್ಳುವ ಅಣು ಒಮ್ಮೆ ಒದಗಿತೆಂದರೆ, ಆಮೇಲಿನ ಪ್ರತಿಯೊಂದು ಹೆಜ್ಜೆಯೂ ಹಿಂದಿನದರ ಮೇಲೆ ನಿಂತಿರುತ್ತದೆ, ಉಪಯುಕ್ತವಾದ ಬದಲಾವಣೆ ಉಳಿದುಕೊಳ್ಳುತ್ತದೆ.

ಎರಡನೆಯದು ಗುರಿಯ ಪ್ರಶ್ನೆ. ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳೆಂಬ ಸಣ್ಣ ಅಣುಗಳ ಸರಪಳಿ. 100 ಅಮೈನೋ ಆಮ್ಲಗಳ ಸರಪಳಿಯನ್ನು 20 ಬಗೆಯ ಅಮೈನೋ ಆಮ್ಲಗಳಿಂದ ಹೆಣೆದರೆ ಸುಮಾರು 10ರ 130ನೇ ಘಾತದಷ್ಟು ಜೋಡಣೆಗಳು ಸಾಧ್ಯ. ಅವುಗಳಲ್ಲಿ ಒಂದೇ ಒಂದು ಕೆಲಸಕ್ಕೆ ಬರುತ್ತದೆಂದುಕೊಂಡರೆ ನಿರಾಶೆ ಸಹಜವೇ. ಆದರೆ ಎಷ್ಟು ಕೆಲಸಕ್ಕೆ ಬರುತ್ತವೆ ಎಂಬುದನ್ನು ಪ್ರಯೋಗದಿಂದಲೇ ತಿಳಿಯಬೇಕು. ಆಂಟನಿ ಕೀಫ್ ಮತ್ತು ಜ್ಯಾಕ್ ಸೋಸ್ಟಾಕ್ 2001ರಲ್ಲಿ ಪ್ರಕಟಿಸಿದ ಪ್ರಯೋಗ ಅಂಥದ್ದು. 80 ಅಮೈನೋ ಆಮ್ಲಗಳಷ್ಟು ಉದ್ದದ ಯಾದೃಚ್ಛಿಕ ಭಾಗವುಳ್ಳ ಪ್ರೋಟೀನ್‌ಗಳನ್ನು ಸುಮಾರು 6 ಲಕ್ಷ ಕೋಟಿಯಷ್ಟು ತಯಾರಿಸಿ, ಒಂದೊಂದಕ್ಕೂ ಅದನ್ನು ಹೆಣೆಯುವ ಸೂಚನೆಯನ್ನು ಹೊತ್ತ ಅದರದೇ ಆರ್‌ಎನ್‌ಎಯನ್ನು ಅಂಟಿಸಿ, ಜೀವಕೋಶಗಳಿಗೆ ಶಕ್ತಿ ಒದಗಿಸುವ ಎಟಿಪಿ ಅಣುಗಳನ್ನು ಕಟ್ಟಿಟ್ಟ ಕೊಳವೆಯ (ಕಾಲಂ) ಮೂಲಕ ಹಾಯಿಸಿದರು. ಉಳಿದದ್ದೆಲ್ಲ ತೊಳೆದುಹೋಗಿ, ಎಟಿಪಿಯನ್ನು ಹಿಡಿದುಕೊಂಡವು ಮಾತ್ರ ನಿಂತವು. ಅವುಗಳ ಆರ್‌ಎನ್‌ಎಯಿಂದ ಮತ್ತೆ ಪ್ರತಿಗಳನ್ನು ಮಾಡಿ ಅದೇ ಕ್ರಮವನ್ನು ಪುನರಾವರ್ತಿಸಿದರು. ಕೊನೆಗೆ ಪರಸ್ಪರ ಸಂಬಂಧವಿಲ್ಲದ ನಾಲ್ಕು ಪ್ರೋಟೀನ್ ಕುಟುಂಬಗಳು ಸಿಕ್ಕವು. ಅವರ ಅಂದಾಜಿನಂತೆ, ಸುಮಾರು 10ರ 11ನೇ ಘಾತದಲ್ಲಿ ಒಂದು ಪ್ರೋಟೀನ್ ಆ ಕೆಲಸವನ್ನು ಮಾಡಬಲ್ಲದು.

ಇಷ್ಟಕ್ಕೇ ಗೆದ್ದೆವೆಂದು ಬೀಗುವಂತಿಲ್ಲ. ಎಟಿಪಿಯನ್ನು ಹಿಡಿದುಕೊಳ್ಳುವುದು ಬಹಳ ಸರಳವಾದ ಕೆಲಸ. ಅಲ್ಲದೆ ಆ ಪ್ರೋಟೀನ್‌ಗಳನ್ನು ಹೆಣೆದದ್ದು ಈಗಾಗಲೇ ವಿಕಾಸಗೊಂಡಿದ್ದ, ಜೀವಕೋಶದ ಪ್ರೋಟೀನ್ ತಯಾರಿಕಾ ಯಂತ್ರಗಳಾದ ರೈಬೋಸೋಮ್‌ಗಳು, ಆದಿಮ ಸಮುದ್ರವಲ್ಲ. ಭೂಮಿ ತಣಿದ ಸ್ವಲ್ಪ ಕಾಲದಲ್ಲೇ ಜೀವ ಕಾಣಿಸಿಕೊಂಡಿತು, ಆದ್ದರಿಂದ ಅದು ಸುಲಭ ಎಂಬ ಎದುರುವಾದವೂ ನನಗೆ ಹಿಡಿಸುವುದಿಲ್ಲ. ಡೇವಿಡ್ ಸ್ಪೀಗಲ್ ಮತ್ತು ಎಡ್ವಿನ್ ಟರ್ನರ್ 2012ರಲ್ಲಿ ಬೇಯಸ್ ವಿಧಾನದಿಂದ (ಸಾಕ್ಷ್ಯ ಸಿಕ್ಕಂತೆ ಸಂಭವನೀಯತೆಯನ್ನು ತಿದ್ದಿಕೊಳ್ಳುವ ಲೆಕ್ಕ) ತೋರಿಸಿದಂತೆ, ಜೀವದ ಉಗಮ ವಿಶ್ವದಲ್ಲಿ ಅತ್ಯಂತ ವಿರಳವಾಗಿದ್ದರೂ ನಮಗೆ ಈಗ ಕಾಣುವ ಇದೇ ಸಾಕ್ಷ್ಯ ಕಾಣಬಹುದು. ಏಕೆಂದರೆ ವಿಚಾರಮಾಡುವ ಪ್ರಾಣಿಗಳು ವಿಕಾಸಗೊಳ್ಳಲು ನೂರಾರು ಕೋಟಿ ವರ್ಷ ಬೇಕಿದ್ದರೆ, ಜೀವ ಬೇಗನೆ ಹುಟ್ಟಿದ ಗ್ರಹದಲ್ಲಿ ಮಾತ್ರ ಈ ಪ್ರಶ್ನೆಯನ್ನು ಕೇಳುವವರು ಇರಲು ಸಾಧ್ಯ. ನಮ್ಮಿಂದ ಸ್ವತಂತ್ರವಾಗಿ ಉಗಮಿಸಿದ ಜೀವದ ಇನ್ನೊಂದೇ ಒಂದು ಉದಾಹರಣೆ ಬೇರೆಲ್ಲಾದರೂ ದೊರೆತರೆ ಈ ಲೆಕ್ಕ ಪೂರ್ತಿ ಬದಲಾಗುತ್ತದೆ.